ಕಚಂಪುಳಿ ಭರಣಿ ಮತ್ತು ಒಂದು ಹಸಿರು ಬೋಕಿ

ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಇಳಿಯುವ ರಸ್ತೆಯ ಪಕ್ಕ, ಕಾಫಿ ತೋಟದ ಒಳಗೆ, ಒಂದು ಹಳೆಯ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ, ಇದೆ. ಮನೆಯ ಹೆಸರು ಬೇಡ. ಆ ಒಕ್ಕದ (ಕುಟುಂಬದ) ಹುಡುಗನೊಬ್ಬನಿಗೆ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳಿಕೊಟ್ಟಿದ್ದೆ. ಪಾಠ ಮರೆತಿದ್ದಾನೆ, ನನ್ನನ್ನು ಮರೆತಿಲ್ಲ. ಬೇಸಿಗೆಯಲ್ಲಿ ಒಂದು ದಿನ ಫೋನ್ ಮಾಡಿದ.

“ಸರ್, ಹಿತ್ತಲಲ್ಲಿ ಇಂಗುಗುಂಡಿ ತೆಗೀತಾ ಇದ್ವಿ. ಮಡಕೆ ಚೂರು ತುಂಬಾ ಬರ್ತಾ ಇದೆ. ಒಂದು ಹಸಿರು ಚೂರು ಇದೆ, ಗಾಜಿನ ಹಾಗೆ ಹೊಳೆಯುತ್ತೆ. ಬಂದು ನೋಡ್ತೀರಾ?”

“ಅಗೆಯೋದು ನಿಲ್ಸು. ಯಾವುದನ್ನೂ ತೊಳೀಬೇಡ. ಬರ್ತೀನಿ” ಅಂದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು. ಅಷ್ಟು ಹೊತ್ತಿಗೆ ಗುಂಡಿ ಅರ್ಧ ಆಗಿತ್ತು. ಸಿಕ್ಕಿದ್ದೆಲ್ಲ ಒಂದು ಕಾಫಿ ಚೀಲಕ್ಕೆ ಬಿದ್ದಿತ್ತು.

ಮನೆಯವರ ಮಾತು

ಹೋದ ಕೂಡಲೇ ಗುಂಡಿ ನೋಡಲು ಬಿಡಲಿಲ್ಲ. ಮೊದಲು ಕಾಫಿ ಆಗಬೇಕು. ಕಾಫಿ ಕುಡಿಯುವಾಗ ಒಕ್ಕದ ಹಿರಿಯರಾದ ಪಟ್ಟೆದಾರರು ಅಡುಗೆಮನೆಯ ಒಳಗಿನಿಂದ ಒಂದು ಭರಣಿ ತರಿಸಿದರು. ಇಬ್ಬರು ಹಿಡಿದು ತಂದರು. ಮೊಣಕಾಲಿನಷ್ಟು ಎತ್ತರ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಅದರಲ್ಲಿ ಕಚಂಪುಳಿ ಇಡುತ್ತಾರೆ. ಮಳೆಗಾಲದಲ್ಲಿ ಪಣಪುಳಿ ಹಣ್ಣನ್ನು ಬುಟ್ಟಿಗೆ ಹಾಕಿ ಬಿಟ್ಟರೆ ರಸ ಇಳಿಯುತ್ತದೆ. ಅದನ್ನು ಕುದಿಸಿ ಕುದಿಸಿ ಕಪ್ಪು ಮಾಡಿದರೆ ಕಚಂಪುಳಿ. ಪಂದಿಕರಿ ತಿಂದವರಿಗೆ ಬೇರೆ ವಿವರಣೆ ಬೇಡ. ಎಷ್ಟೋ ವರ್ಷದ ಹುಳಿ ಹೊರಗೆ ಹರಿದು ಹರಿದು ಭರಣಿಯ ನಿಜವಾದ ಬಣ್ಣವೇ ಗೊತ್ತಾಗುತ್ತಿರಲಿಲ್ಲ.

“ಇದು ಚೀನಾದ ಹಡಗಲ್ಲಿ ಕಣ್ಣೂರಿಗೆ ಬಂದದ್ದು ಮೇಷ್ಟ್ರೇ,” ಅಂದರು ಪಟ್ಟೆದಾರರು. “ನಮ್ಮ ಹಿರಿಯರು ಅಕ್ಕಿ, ಏಲಕ್ಕಿ ಎತ್ತಿನ ಮೇಲೆ ಹೇರಿಕೊಂಡು ಘಾಟಿ ಇಳೀತಿದ್ರು. ಬರುವಾಗ ಉಪ್ಪು, ಒಣಮೀನು ತರ್ತಿದ್ರು. ಒಂದು ಸಲ ಈ ಭರಣಿ ತಂದ್ರು. ಐನೂರು ವರ್ಷದ ಮೇಲಾಯ್ತು. ಈಗ ಗುಂಡಿಲಿ ಸಿಕ್ಕಿದ ಹಸಿರು ಚೂರೂ ಅದರ ಜೊತೆಗೇ ಬಂದಿರಬೇಕು.”

ಇಂಥ ಮಾತಿಗೆ ನಗುವವರಿದ್ದಾರೆ. ನಾನು ನಗಲಿಲ್ಲ. ಯಾಕೆಂದರೆ ಆ ಮಾತಿನ ಮುಕ್ಕಾಲು ಪಾಲು ಸುಳ್ಳಲ್ಲ. ಅಕ್ಕಿ ಹೇರಿದ ಎತ್ತುಗಳು ಇವತ್ತಿಗೂ ಕೊಡಗಿನಿಂದ ಕೆಳಗೆ ಇಳಿಯುತ್ತವೆ. ಕಣ್ಣೂರು ಜಿಲ್ಲೆಯ ಬೈತೂರು ಮತ್ತು ಪಯ್ಯಾವೂರು ದೇವಸ್ಥಾನಗಳ ಹಬ್ಬಕ್ಕೆ ಕೊಡವರು ಎತ್ತಿನ ಬೆನ್ನ ಮೇಲೆ ಅಕ್ಕಿ ಕೊಂಡುಹೋಗುವ ಪದ್ಧತಿ ಉಳಿದಿದೆ. ನೀರೂ ಅದೇ ದಾರಿ ಹಿಡಿಯುತ್ತದೆ. ಕೊಡಗು ಅಂದರೆ ಕಾವೇರಿ, ನೀರೆಲ್ಲ ಪೂರ್ವಕ್ಕೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಈ ಭಾಗದ ಬರಪೊಳೆ ಪಶ್ಚಿಮಕ್ಕೆ ಇಳಿದು, ವಳಪಟ್ಟಣಂ ಹೊಳೆ ಸೇರಿ, ಕಣ್ಣೂರಿನ ಹತ್ತಿರ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಏಳಿಮಲ. 1340ರ ದಶಕದಲ್ಲಿ ಈ ಕರಾವಳಿಗೆ ಬಂದ ಮೊರೊಕ್ಕೋದ ಯಾತ್ರಿಕ ಇಬ್ನ್ ಬತೂತ ಅದನ್ನು ಹೀಲಿ ಅಂತ ಕರೆದಿದ್ದಾನೆ. ಚೀನಾದ ಹಡಗುಗಳು ಈ ಕಡೆ ಬರುವುದು ಹೀಲಿ, ಕೋಯಿಕ್ಕೋಡ್, ಕೊಲ್ಲಂ ಈ ಮೂರು ಬಂದರಿಗೆ ಮಾತ್ರ ಅಂತ ಬರೆದಿದ್ದಾನೆ. ಕೋಯಿಕ್ಕೋಡಿನಲ್ಲಿ ತಾನು ಇದ್ದಾಗ 13 ಚೀನಾ ಹಡಗು ನಿಂತಿದ್ದವಂತೆ.

ಮುಂದಿನ ಶತಮಾನದಲ್ಲಿ ಚೀನಾದ ನೌಕಾಧಿಪತಿ ಜೆಂಗ್ ಹೆಯ ಹಡಗು ಪಡೆಗಳು ಬಂದವು, 1405ರಿಂದ 1433ರ ತನಕ. ಆ ಪಡೆಯ ಜೊತೆ ಬಂದ ಮಾ ಹುವಾನ್ ಕೊಚ್ಚಿಯ ಬಗ್ಗೆ ಬರೆಯುತ್ತಾ, ಬೆಟ್ಟದ ಕಡೆಯವರು ತೋಟ ಮಾಡಿ ಮೆಣಸು ಬೆಳೆಯುತ್ತಾರೆ, ವ್ಯಾಪಾರಿಗಳು ಅದನ್ನು ಕೊಂಡು ಕೂಡಿಡುತ್ತಾರೆ ಅನ್ನುತ್ತಾನೆ. ಕೆಳಗೆ ಹಡಗು, ಮೇಲೆ ಮೆಣಸು, ನಡುವೆ ಘಾಟಿ. ಹಾಗಿದ್ದ ಮೇಲೆ ಒಂದು ಚೀನಾ ಬಟ್ಟಲು ಮೇಲೆ ಬಂದಿರಲು ಸಾಧ್ಯವೇ ಇಲ್ಲ ಅಂತ ಹೇಗೆ ಹೇಳುವುದು?

ಆದರೆ ಬರಬಹುದಿತ್ತು ಅನ್ನುವುದು ಬೇರೆ, ಬಂತು ಅನ್ನುವುದು ಬೇರೆ. ಪಟ್ಟೆದಾರರ ಒಂದು ಮಾತಿನ ಒಳಗೆ ಮೂರು ಪ್ರಶ್ನೆ ಇದ್ದವು. ಮಣ್ಣು ಎಲ್ಲಿಯದು? ಸುಟ್ಟದ್ದು ಯಾವಾಗ? ಈ ಮನೆಗೆ ತಲುಪಿದ್ದು ಹೇಗೆ? ಮೊದಲ ಎರಡಕ್ಕೆ ಯಂತ್ರ ಏನಾದರೂ ಹೇಳಬಹುದು. ಮೂರನೆಯದಕ್ಕೆ ಯಂತ್ರ ಬಾಯಿ ಬಿಡುವುದಿಲ್ಲ. ಇದನ್ನು ಅವತ್ತೇ ಅವರಿಗೆ ಹೇಳಿದೆ. ಅವರು “ನೋಡುವ” ಅಂದರು.

ಗುಂಡಿ

ಗುಂಡಿ ಸುಮಾರು ನಾಲ್ಕು ಅಡಿ ಆಳ. ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದು ನೋಡಿದೆ. ಮೇಲೆ ಒಂದಡಿ ತೋಟದ ಕೆಂಪು ಮಣ್ಣು. ಅದರ ಕೆಳಗೆ ಬೂದಿ ಬೆರೆತ ಕಪ್ಪು ಮಣ್ಣು. ಅಡುಗೆಮನೆಯ ಹಿಂಬಾಗಿಲಿಂದ ಬೂದಿ, ಎಲುಬು, ಒಡೆದ ಚಟ್ಟಿ ಎಲ್ಲ ಇಲ್ಲೇ ಎಸೆಯುತ್ತಿದ್ದರು ಅಂತ ಕಾಣುತ್ತದೆ. ಅದರ ಕೆಳಗೆ ಏನೂ ಇಲ್ಲದ ಗಟ್ಟಿ ಕೆಂಪು ಮಣ್ಣು. ಅಂದರೆ ಇದು ಊರಿನ ಅವಶೇಷವಲ್ಲ, ಒಂದು ಮನೆಯ ತಿಪ್ಪೆ.

ತಿಪ್ಪೆಯನ್ನು ಕಡಿಮೆ ಅಂದುಕೊಳ್ಳಬಾರದು. ಕಪ್ಪು ಮಣ್ಣಿನ ತಳದಲ್ಲೇ, ಗೋಡೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಒಂದು ಹೆಂಚಿನ ತುಂಡು ಕಂಡಿತು. ಮಂಗಳೂರು ಹೆಂಚು. ಹಿಂಬದಿಯ ಗೀರು, ಅಚ್ಚಿನ ಅಕ್ಷರದ ತುದಿ, ಎಲ್ಲ ಸ್ಪಷ್ಟ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹೆಂಚು ಆ ಪದರದ ತಳದಲ್ಲಿ ಇದೆ ಅಂದರೆ ಅದರ ಮೇಲಿನದೆಲ್ಲ ಬಿದ್ದದ್ದು 1865ರ ನಂತರವೇ. ಇದಕ್ಕೆ ಎಕ್ಸ್‌ರೇ ಬೇಡ, ಪ್ರಯೋಗಾಲಯ ಬೇಡ. ಬಗ್ಗಿ ನೋಡಿದರೆ ಸಾಕು.

ತೊಂದರೆ ಏನೆಂದರೆ ಹಸಿರು ಚೂರು ಗೋಡೆಯಲ್ಲಿ ಇರಲಿಲ್ಲ, ಚೀಲದಲ್ಲಿತ್ತು. ಅಗೆದವರನ್ನು ಕೇಳಿದೆ. “ಹೆಂಚಿಗಿಂತ ಕೆಳಗೆ ಸಿಕ್ತು” ಅಂದರು. ಸ್ವಲ್ಪ ಹೊತ್ತಿಗೆ “ಮೇಲೆ ಇತ್ತೇನೋ” ಅಂದರು. ಅವರ ತಪ್ಪಲ್ಲ. ಗುದ್ದಲಿ ಹಿಡಿದವರಿಗೆ ಪದರ ನೋಡು ಅಂತ ಯಾರು ಹೇಳಿದ್ದರು? ಕೊನೆಗೆ ಚೂರೇ ಸಾಕ್ಷಿ ಹೇಳಿತು. ಅದರ ಮುರಿದ ಅಂಚಿನ ಸಣ್ಣ ಸಣ್ಣ ತೂತಿನಲ್ಲಿ ಅಂಟಿದ್ದದ್ದು ಕೆಂಪು ಮಣ್ಣಲ್ಲ, ಕಪ್ಪು ಬೂದಿ. ತೊಳೆಯಬೇಡ ಅಂದದ್ದು ಇಲ್ಲಿ ಕೆಲಸಕ್ಕೆ ಬಂತು. ಚೂರು ತಿಪ್ಪೆಗೆ ಬಿದ್ದದ್ದು 1865ರ ನಂತರ. ಅದು ಹುಟ್ಟಿದ್ದು ಯಾವಾಗ ಅನ್ನುವುದು ಬೇರೆ ಲೆಕ್ಕ. ನೂರಾರು ವರ್ಷ ಜೋಪಾನ ಮಾಡಿದ ಬಟ್ಟಲನ್ನೂ ಒಂದು ದಿನ ಯಾರೋ ಕೈಜಾರಿಸುತ್ತಾರೆ.

ಮಧ್ಯೆ ಒಂದು ಮಾತು. ನಿಮ್ಮ ತೋಟದಲ್ಲಿ ಹೀಗೆ ಏನಾದರೂ ಸಿಕ್ಕರೆ ಸುಮ್ನೆ ಅಗೆಯುತ್ತಾ ಹೋಗಬೇಡಿ. ನಿಧಿ ಕಾಯ್ದೆಯ ಪ್ರಕಾರ ನೆಲದೊಳಗೆ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಪ್ಪೆಯ ಬೋಕಿಗೆ, ಅಂದರೆ ಮಡಕೆ ಚೂರಿಗೆ, ಬೆಲೆ ಏನು ಅಂತ ಕೇಳಬಹುದು. ಆದರೂ ಒಂದು ಅರ್ಜಿ ಬರೆದುಕೊಡಿಸಿದೆ. ನಂತರವೇ ಚೂರುಗಳನ್ನು ಮನೆಯಿಂದ ಹೊರಗೆ ಕೊಂಡುಹೋದದ್ದು.

ಕಣ್ಣಿಗೆ ಕಂಡದ್ದು

ಚೀಲವನ್ನು ಕಣದಲ್ಲಿ ಸುರಿದು ಬೇರೆ ಬೇರೆ ಮಾಡಿದೆವು. ನೂರಕ್ಕೆ ತೊಂಬತ್ತು ಪಾಲು ಕಪ್ಪು ಮತ್ತು ಕೆಂಪು ಮಣ್ಣಿನ ಮಡಕೆ, ಚಟ್ಟಿ. ಎರಡು ಚೂರು ಬಿಳಿ, ಮೇಲೆ ನೀಲಿ ಚಿತ್ತಾರ. ಒಂದು ಹಸಿರು.

ನೀಲಿ ಚೂರು ನೋಡಿ ಹುಡುಗನಿಗೆ ಖುಷಿಯಾಗಿತ್ತು. “ಮಿಂಗ್ ಸರ್?” ಅಂದ, ಚೀನಾದ ಮಿಂಗ್ ರಾಜರ ಕಾಲದ್ದೇ ಅಂತ. ಭೂತಗನ್ನಡಿ ಕೊಟ್ಟೆ. ಕುಂಚದಿಂದ ಬರೆದ ನೀಲಿಯಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ಬಣ್ಣ ಒಂದು ಕಡೆ ನಿಂತು ಗಾಢ ಆಗಿರುತ್ತದೆ. ಇದರಲ್ಲಿ ನೆರಳೆಲ್ಲ ಸಣ್ಣ ಚುಕ್ಕಿಗಳಿಂದ ಆಗಿತ್ತು. ಒಂದು ಕಡೆ ಚಿತ್ತಾರದ ಜೋಡಣೆ ಕೂದಲೆಳೆಯಷ್ಟು ತಪ್ಪಿತ್ತು. ತಾಮ್ರದ ಹಲಗೆಯಿಂದ ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಅಚ್ಚು ಇಳಿಸುವ ವಿಧಾನದ ಗುರುತು ಇದು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 1780ರ ದಶಕದಿಂದ ಇಂಥ ನೀಲಿ ಅಚ್ಚಿನ ತಟ್ಟೆಗಳು ರಾಶಿ ರಾಶಿ ಹೊರಟವು. ಮಡಿಕೇರಿಯಲ್ಲಿ ಫೌಲರ್ ಎಂಬಾತ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ್ದು 1854ರಲ್ಲಿ. ದೊರೆಗಳ ಬಂಗಲೆಯ ತಟ್ಟೆ ಸಂತೆಗೋ ಹರಾಜಿಗೋ ಬಂದು ಈ ಮನೆ ಸೇರಿರಬಹುದು. ನೀಲಿ ಚೂರಿನ ಕಥೆ ಇಷ್ಟೇ.

ಹಸಿರು ಚೂರು ಹಾಗಲ್ಲ. ಹೆಬ್ಬೆರಳಿನ ಎರಡರಷ್ಟು ದೊಡ್ಡದು. ಬಟ್ಟಲಿನ ತಳದ ತುಂಡು, ಪಾದದ ಉಂಗುರದ ಒಂದು ಭಾಗ ಉಳಿದಿತ್ತು. ಹೊಳಪಿನ ಲೇಪ ದಪ್ಪ. ಉಂಗುರದ ಮೂಲೆಯಲ್ಲಿ ಲೇಪ ಹರಿದು ನಿಂತು ಬಣ್ಣ ಗಾಢವಾಗಿತ್ತು, ಕೆರೆಯ ನೀರು ಬದಿಗಿಂತ ನಡುವೆ ಕಪ್ಪು ಕಾಣುವ ಹಾಗೆ. ಮುರಿದ ಕಡೆ ಒಳಮೈ ಬೂದು ಬಿಳಿ, ಸಕ್ಕರೆಯಂತೆ ಸಣ್ಣ ಕಣ. ನಾಲಗೆಗೆ ಮುಟ್ಟಿಸಿದರೆ ಅಂಟಲಿಲ್ಲ. ನಮ್ಮ ಚಟ್ಟಿಯ ಚೂರು ಅಂಟುತ್ತದೆ, ಯಾಕೆಂದರೆ ಅದು ನೀರು ಹೀರುತ್ತದೆ. ಅಂಟಲಿಲ್ಲ ಅಂದರೆ ತುಂಬಾ ಬಿಸಿಯಲ್ಲಿ ಸುಟ್ಟಿದ್ದಾರೆ. ಲೇಪ ಇಲ್ಲದ ಉಂಗುರದ ಅಂಚು ಮಾತ್ರ ಇಟ್ಟಿಗೆ ಕೆಂಪು.

ಇಷ್ಟು ನೋಡಿದ ಮೇಲೆ ಮನಸ್ಸಿಗೆ ಬಂದ ಹೆಸರು ಸೆಲಡಾನ್. ಚೀನಾದ ಜೆಜಿಯಾಂಗ್‌ನ ಲಾಂಗ್‌ಚ್ವಾನ್ ಆವಿಗೆಗಳಲ್ಲಿ ಸುಟ್ಟು ಶತಮಾನಗಟ್ಟಲೆ ಏಷ್ಯಾದ ಬಂದರುಗಳಿಗೆಲ್ಲ ಕಳಿಸಿದ ಹಸಿರು ಪಾತ್ರೆ. ಆದರೆ ನಾನು ಬಾಯಿ ಮುಚ್ಚಿಕೊಂಡೆ. ಇಷ್ಟಪಟ್ಟ ಉತ್ತರ ಮೊದಲೇ ಮನಸ್ಸಿಗೆ ಬಂದರೆ ಆಮೇಲೆ ಯಂತ್ರವೂ ಅದನ್ನೇ ಹೇಳಿದ ಹಾಗೆ ಕೇಳಿಸುತ್ತದೆ.

ಯಂತ್ರದ ಮುಂದೆ

ಒಂದು ಪ್ರಯೋಗಾಲಯದ ಗೆಳೆಯರು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ತಂದಿದ್ದರು. ನೋಡಲು ಗೋಡೆಗೆ ತೂತು ಕೊರೆಯುವ ಡ್ರಿಲ್ ಹಾಗೆ. ಅದು ವಸ್ತುವಿನ ಮೇಲೆ ಎಕ್ಸ್‌ರೇ ಬಿಡುತ್ತದೆ. ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಒಂದು ಕಿತ್ತು ಹೋಗುತ್ತದೆ. ಹೊರಗಿನದು ಅಲ್ಲಿಗೆ ಬಂದು ಕೂರುತ್ತದೆ. ಕೂರುವಾಗ ತನ್ನದೇ ಎಕ್ಸ್‌ರೇ ಬಿಡುತ್ತದೆ. ಕಬ್ಬಿಣಕ್ಕೆ ಒಂದು ಶಕ್ತಿ, ಸತುವಿಗೆ ಒಂದು, ಸೀಸಕ್ಕೆ ಇನ್ನೊಂದು. ಪರದೆಯ ಮೇಲೆ ಗುಡ್ಡದ ಸಾಲಿನ ಹಾಗೆ ಗೆರೆ ಏಳುತ್ತದೆ. ಯಾವ ಗುಡ್ಡ ಎಲ್ಲಿ ಎದ್ದಿದೆ ಅಂತ ನೋಡಿದರೆ ಯಾವ ಧಾತು ಅಂತ ಗೊತ್ತಾಗುತ್ತದೆ. ವಸ್ತುವಿಗೆ ಒಂದು ಗೀರೂ ಬೀಳುವುದಿಲ್ಲ. ಭರಣಿಯನ್ನು ಮನೆಯಿಂದ ಕದಲಿಸಲು ಆ ಮನೆಯ ಅಜ್ಜಿ ಒಪ್ಪದ ಕಾರಣ ಅದೇ ಸರಿಯಾಯಿತು.

ಆದರೆ ಇದರಲ್ಲಿ ಮೋಸ ಹೋಗುವುದು ಸುಲಭ. ಯಂತ್ರ ನೋಡುವುದು ಮೇಲ್ಮೈಯನ್ನು. ಅಲ್ಯೂಮಿನಿಯಂ, ಸಿಲಿಕಾನ್‌ನಂಥ ಹಗುರ ಧಾತುಗಳ ಎಕ್ಸ್‌ರೇ ಕೂದಲಿನ ದಪ್ಪಕ್ಕಿಂತ ಕಡಿಮೆ ಆಳದಿಂದ ಮಾತ್ರ ಹೊರಗೆ ಬರುತ್ತದೆ. ಸೋಡಿಯಂ ಕಾಣುವುದೇ ಇಲ್ಲ. ಲೇಪದ ಮೇಲೆ ಇಟ್ಟರೆ ಲೇಪದ ಉತ್ತರ, ಮುರಿದ ಕಡೆ ಇಟ್ಟರೆ ಮಣ್ಣಿನ ಉತ್ತರ. ಎರಡನ್ನೂ ಬೆರೆಸಿದರೆ ಯಾವುದೂ ಅಲ್ಲ. ನಮ್ಮ ಕೊಡಗಿನ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಬಿರುಕಿನಲ್ಲಿ ಒಂದು ಚಿಟಿಕೆ ಕೆಂಪು ಧೂಳು ಉಳಿದರೂ ಕಬ್ಬಿಣದ ಗುಡ್ಡ ಬ್ರಹ್ಮಗಿರಿ ಆಗುತ್ತದೆ. ಹಾಗಾಗಿ ಅಂಟಿದ್ದ ಬೂದಿಯನ್ನು ಚಿಕ್ಕ ಡಬ್ಬಿಗೆ ಕೆರೆದಿಟ್ಟು, ಆಮೇಲೆ ಚೂರನ್ನು ಶುದ್ಧ ನೀರಲ್ಲಿ ತೊಳೆದು ಒಣಗಿಸಿದೆವು. ಸೀಸದ ಒಂದು ಗೆರೆ ಮತ್ತು ಆರ್ಸೆನಿಕ್‌ನ ಒಂದು ಗೆರೆ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಏಳುತ್ತವೆ. ಅದಕ್ಕೆ ಸೀಸದ ಎರಡನೇ ಗೆರೆಯನ್ನೂ ಹುಡುಕಬೇಕು.

ಮೊದಲು ಭರಣಿ. ಒಂದು ಅಂಗೈ ಅಗಲ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಕೆಳಗಿಂದ ಕೆನೆ ಬಣ್ಣ ಬಂತು. ಯಂತ್ರ ಇಟ್ಟೆವು. ಅರ್ಧ ನಿಮಿಷದಲ್ಲಿ ಸತುವಿನ ಗುಡ್ಡ ಎದ್ದು ನಿಂತಿತು. ಗೆಳೆಯರು ನನ್ನ ಮುಖ ನೋಡಿದರು. ಇನ್ನೆರಡು ಜಾಗದಲ್ಲಿ ಇಟ್ಟೆವು. ಅದೇ.

ಸತು ಯಾಕೆ ಮುಖ್ಯ? ಹಳೆಯ ಚೀನಾದ ಕುಂಬಾರರು ಲೇಪಕ್ಕೆ ಬೂದಿ, ಸುಣ್ಣ, ಕಲ್ಲಿನ ಪುಡಿ ಬಳಸುತ್ತಿದ್ದರು. ಸತು ಹಾಕುತ್ತಿರಲಿಲ್ಲ. ಸತುವಿನ ಆಕ್ಸೈಡ್ ಹಾಕಿ ಗಟ್ಟಿ ಜಾಡಿಗಳಿಗೆ ಕೆನೆ ಬಣ್ಣದ ಲೇಪ ಕೊಡುವುದನ್ನು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಪೊವೆಲ್ ಎಂಬ ಕುಂಬಾರಿಕೆಯವರು 1835ರಲ್ಲಿ ಚಾಲ್ತಿಗೆ ತಂದರು. ಆ ಲೇಪಕ್ಕೆ ಇವತ್ತಿಗೂ ಬ್ರಿಸ್ಟಲ್ ಹೆಸರೇ ಇದೆ. ನಮ್ಮ ದೇಶದ ಉಪ್ಪಿನಕಾಯಿ ಜಾಡಿಗಳಿಗೂ ಅದೇ ಜಾತಿಯ ಲೇಪ ಬಂತು. ಐನೂರು ವರ್ಷದ ಭರಣಿ ಒಂದೇ ಗುಡ್ಡದಿಂದ ಇನ್ನೂರು ವರ್ಷದ ಒಳಗೆ ಬಂದು ಬಿತ್ತು.

ಪಟ್ಟೆದಾರರಿಗೆ ಹೇಳುವುದು ಕಷ್ಟವಾಯಿತು. ಅವರು ಸುಮ್ಮನೆ ಕೇಳಿಕೊಂಡರು. ಅಜ್ಜಿ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು. “ಇದರಲ್ಲಿ ವಿಷ ಏನಾದ್ರೂ ಇದೆಯಾ?” ಪರೀಕ್ಷೆ ಮಾಡಿದ ನಾವೆಲ್ಲ ಕೇಳಿದ್ದಕ್ಕಿಂತ ಬುದ್ಧಿವಂತ ಪ್ರಶ್ನೆ ಅದು. ಕಡಿಮೆ ಬಿಸಿಯಲ್ಲಿ ಸುಟ್ಟ ಸೀಸದ ಲೇಪದ ಜಾಡಿಗೆ ಕಚಂಪುಳಿಯಂಥ ಹುಳಿ ಹಾಕಿದರೆ ಸೀಸ ಕರಗಿ ಹುಳಿಗೆ ಇಳಿಯುತ್ತದೆ. ಈ ಲೇಪದಲ್ಲಿ ಸೀಸದ ಎರಡೂ ಗೆರೆ ಏಳಲಿಲ್ಲ. ಒಳಬದಿಯ ಕತ್ತಿನ ಹತ್ತಿರವೂ ನೋಡಿದೆವು, ಅಲ್ಲೂ ಇಲ್ಲ. “ಹಾಗಾದ್ರೆ ಒಳಗೆ ಇಡಿ” ಅಂದರು ಅಜ್ಜಿ. ಭರಣಿ ತನ್ನ ಮೂಲೆಗೆ ಹೋಯಿತು.

ಆಮೇಲೆ ಹಸಿರು ಚೂರು. ಹಸಿರು ಬಣ್ಣ ಮೂರು ದಾರಿಯಲ್ಲಿ ಬರಬಹುದು. ತಾಮ್ರದಿಂದ, ಕ್ರೋಮಿಯಂನಿಂದ, ಕಬ್ಬಿಣದಿಂದ. ಕ್ರೋಮಿಯಂ ಎಂಬ ಧಾತು ಗೊತ್ತಾದದ್ದೇ 1797ರಲ್ಲಿ. ಆದ್ದರಿಂದ ಅದು ಲೇಪದ ಬಣ್ಣವಾಗಿ ಕಂಡರೆ ಚೂರು ಹತ್ತೊಂಬತ್ತನೇ ಶತಮಾನದ್ದು ಅಥವಾ ಆಮೇಲಿನದು, ಅಲ್ಲಿಗೆ ಮುಗಿಯಿತು. ಕ್ರೋಮಿಯಂ ಇರಲಿಲ್ಲ. ಹೇಳಿಕೊಳ್ಳುವಷ್ಟು ತಾಮ್ರವೂ ಇರಲಿಲ್ಲ. ಸೀಸ, ಸತು ಇಲ್ಲ. ಇದ್ದದ್ದು ಸ್ವಲ್ಪ ಕಬ್ಬಿಣ, ಜೊತೆಗೆ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ.

ಕಬ್ಬಿಣದಿಂದ ಹಸಿರು ಬರಬೇಕಾದರೆ ಆವಿಗೆಯ ಗಾಳಿ ಕಟ್ಟಬೇಕು. ಗಾಳಿ ಧಾರಾಳವಾಗಿ ಆಡಿದರೆ ಅದೇ ಕಬ್ಬಿಣ ಹಳದಿ, ಕಂದು ಆಗುತ್ತದೆ. ಹೊಗೆಯಾಡಿಸಿ ಗಾಳಿ ಕಡಿಮೆ ಮಾಡಿದರೆ ಹಸಿರು. ನಮ್ಮ ಕುಂಬಾರರು ಚಟ್ಟಿ ಕಪ್ಪಾಗಲಿ ಅಂತ ಆವಿಗೆಗೆ ಹೊಗೆ ಕಟ್ಟುವುದೂ ಇದೇ ವಿದ್ಯೆಯ ಇನ್ನೊಂದು ರೂಪ. ಕೆಂಪಾಗಿದ್ದ ಪಾದದ ಅಂಚು ಕೂಡ ಇದಕ್ಕೆ ಹೊಂದುತ್ತದೆ. ಲೇಪ ಇಲ್ಲದ ಆ ಜಾಗದಲ್ಲಿ, ಆವಿಗೆ ಆರುವಾಗ ಗಾಳಿ ತಾಗಿ ಮಣ್ಣಿನ ಕಬ್ಬಿಣ ಕೆಂಪಾಗಿದೆ.

ಮುರಿದ ಕಡೆ ಇಟ್ಟಾಗ ಒಳಮೈಯಲ್ಲಿ ಸಿಲಿಕಾ ಜಾಸ್ತಿ, ಅಲ್ಯೂಮಿನಾ ಅದಕ್ಕಿಂತ ತುಂಬಾ ಕಡಿಮೆ ಅಂತ ಬಂತು. ಉತ್ತರ ಚೀನಾದ ಬಿಳಿ ಪಾತ್ರೆಗಳಲ್ಲಿ ಅಲ್ಯೂಮಿನಾ ಹೆಚ್ಚು, ಅಲ್ಲಿಯ ಜೇಡಿ ಹಾಗೆ. ದಕ್ಷಿಣ ಚೀನಾದವರು ಬಳಸಿದ್ದು ಪಿಂಗಾಣಿ ಕಲ್ಲು, ಬೆಣಚು ಮತ್ತು ಅಭ್ರಕದ ಜಾತಿಯ ಖನಿಜ ಬೆರೆತ ಕಲ್ಲನ್ನು ಕುಟ್ಟಿ ಮಾಡಿದ ಪುಡಿ. ಅದರಲ್ಲಿ ಸಿಲಿಕಾ ಮುಂದು. ನಮ್ಮ ಚೂರು ದಕ್ಷಿಣದ ಕಡೆಗೆ ವಾಲಿತು.

ಇಲ್ಲಿಗೆ “ಲಾಂಗ್‌ಚ್ವಾನ್, ಹದಿನಾಲ್ಕನೇ ಶತಮಾನ” ಅಂತ ಬರೆದು ಮುಗಿಸಬಹುದಿತ್ತು. ಎಷ್ಟೋ ಜನ ಹಾಗೆ ಬರೆಯುತ್ತಾರೆ ಕೂಡ. ನಾವು ಬರೆಯಲಿಲ್ಲ. ಕಾರಣ ಹೇಳಬೇಕಾದರೆ ಒಂದು ಮುಳುಗಿದ ಹಡಗಿನ ಹತ್ತಿರ ಹೋಗಬೇಕು.

ಜಾವಾ ಸಮುದ್ರದ ಹಡಗು

ಇಂಡೋನೇಷ್ಯಾದ ಜಾವಾ ಸಮುದ್ರದಲ್ಲಿ ಒಂದು ಹಡಗು ಮುಳುಗಿತ್ತು. 1980ರ ದಶಕದಲ್ಲಿ ಮೀನುಗಾರರ ಕಣ್ಣಿಗೆ ಬಿತ್ತು. 1996ರಲ್ಲಿ ಅದರ ಸರಕು ಮೇಲೆತ್ತಿದರು. ಸುಮಾರು 200 ಟನ್ ಕಬ್ಬಿಣ, ಒಂದು ಲಕ್ಷದಷ್ಟು ಪಿಂಗಾಣಿ ಮತ್ತು ಮಣ್ಣಿನ ಪಾತ್ರೆ ಅದರಲ್ಲಿತ್ತು ಅಂತ ಅಂದಾಜು. ಆನೆ ದಂತ, ಸುಗಂಧದ ಅಂಟೂ ಇದ್ದವು. ಮೇಲೆತ್ತಿದ್ದರಲ್ಲಿ ಸುಮಾರು 7,500 ವಸ್ತುಗಳು ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ.

ಆ ಹಡಗು ಮೊದಲು ಹದಿಮೂರನೇ ಶತಮಾನದ ನಡುವಿನದೋ ಕೊನೆಯ ಭಾಗದ್ದೋ ಅಂದುಕೊಂಡಿದ್ದರು. ಒಂದು ಪಿಂಗಾಣಿ ಡಬ್ಬಿಯ ಅಡಿಯಲ್ಲಿ ಅಕ್ಷರ ಇತ್ತು. ಅದರಲ್ಲಿ ಜಿಯಾನ್ನಿಂಗ್ ಫು ಅಂತ ಊರಿನ ಹೆಸರು. ಆ ಸೀಮೆಗೆ ಆ ಹೆಸರು ಬಂದದ್ದು 1162ರಲ್ಲಿ. ಮಂಗೋಲರು ಬಂದ ಮೇಲೆ, 1278ರಲ್ಲಿ, ಫು ಹೋಗಿ ಲು ಆಯಿತು. ಒಂದು ಅಕ್ಷರ ಡಬ್ಬಿಯನ್ನು ಆ ಎರಡು ಇಸವಿಗಳ ನಡುವೆ ಕಟ್ಟಿಹಾಕಿತು. ನಮ್ಮ ತಿಪ್ಪೆಯ ಹೆಂಚು ಮಾಡಿದ ಕೆಲಸವೂ ಇದೇ ಅಲ್ವಾ? ಆಮೇಲೆ ದಂತ ಮತ್ತು ಅಂಟಿನ ವಯಸ್ಸು ತಿಳಿಯುವ ಇಂಗಾಲ ಪರೀಕ್ಷೆಯನ್ನೂ ಮಾಡಿ, ಹಡಗು ಅಂದುಕೊಂಡದ್ದಕ್ಕಿಂತ ಸುಮಾರು ನೂರು ವರ್ಷ ಹಿಂದಿನದು ಅಂತ 2018ರಲ್ಲಿ ಹೇಳಿದರು.

ಮರುವರ್ಷ ಆ ಮ್ಯೂಸಿಯಂನ ಸಂಶೋಧಕರು ಆ ಸರಕಿನ ನೀಲಿ ಛಾಯೆಯ ಬಿಳಿ ಪಾತ್ರೆಗಳನ್ನು ಹಿಡಿದರು. ಚಿಂಗ್‌ಬಾಯ್ ಅನ್ನುತ್ತಾರೆ. ಇವನ್ನು ದಕ್ಷಿಣ ಚೀನಾದ ಎಷ್ಟೋ ಊರಲ್ಲಿ ಮಾಡುತ್ತಿದ್ದರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನಕಲು ಮಾಡುತ್ತಿದ್ದರು. ಕಣ್ಣಿಗೆ ವ್ಯತ್ಯಾಸ ಸಿಗುವುದು ಕಷ್ಟ. ಕೈಯಲ್ಲಿ ಹಿಡಿಯುವ ಇದೇ ಎಕ್ಸ್‌ಆರ್‌ಎಫ್ ಯಂತ್ರ ಬಳಸಿದರು. ಆದರೆ ಹಡಗಿನ ಪಾತ್ರೆಗಳನ್ನು ಮಾತ್ರ ಅಳೆದು ಬಿಡಲಿಲ್ಲ. ಜಿಂಗ್‌ದೆಜೆನ್, ದೆಹುವಾ, ಹುವಾಜಿಯಾಶಾನ್, ಮಿನ್‌ಚಿಂಗ್, ಈ ನಾಲ್ಕು ಕಡೆಯ ಆವಿಗೆಗಳ ಹತ್ತಿರ ಬಿದ್ದ ಚೂರುಗಳನ್ನೂ ಅಳೆದರು. ಆವಿಗೆಯ ಪಕ್ಕ ಬಿದ್ದ ಚೂರು ಅಲ್ಲಿಯದೇ. ಅದರ ಬಗ್ಗೆ ಜಗಳ ಇಲ್ಲ. ಒಂದೊಂದು ಆವಿಗೆಗೂ ಧಾತುಗಳ ಒಂದೊಂದು ಗುಂಪು ಸಿಕ್ಕಿತು. ಆಮೇಲೆ ಹಡಗಿನ ಪಾತ್ರೆ ಯಾವ ಗುಂಪಿಗೆ ಬೀಳುತ್ತದೆ ಅಂತ ನೋಡಿದರು. ಒಂದೇ ಹಡಗಿನ, ಒಂದೇ ಥರ ಕಾಣುವ ಪಾತ್ರೆಗಳು ಬೇರೆ ಬೇರೆ ಆವಿಗೆಯವು ಅಂತ ಹೊರಬಂತು. ಒಳನಾಡಿನ ಹೆಸರಾಂತ ಜಿಂಗ್‌ದೆಜೆನ್ ಒಂದೇ ಅಲ್ಲ, ಕರಾವಳಿಯ ಫುಜಿಯಾನ್ ಪ್ರಾಂತದ ಆವಿಗೆಗಳೂ ಅದರಲ್ಲಿದ್ದವು.

ನಮ್ಮಲ್ಲಿ ಇದ್ದದ್ದು ಒಂದು ಚೂರು. ಹೋಲಿಸಲು ಆವಿಗೆಯ ಚೂರು ಒಂದೂ ಇಲ್ಲ. ಲಾಂಗ್‌ಚ್ವಾನ್ ಹಸಿರಿಗೆ ಬೇಡಿಕೆ ಎಷ್ಟಿತ್ತೆಂದರೆ ಫುಜಿಯಾನ್‌ನಲ್ಲಿ ನಕಲು ಮಾಡಿದರು, ಥಾಯ್ಲೆಂಡಿನಲ್ಲಿ ಮಾಡಿದರು, ಬರ್ಮಾದಲ್ಲೂ ಮಾಡಿದರು. ಒಳಮೈಯಲ್ಲಿ ಕಪ್ಪು ಚುಕ್ಕಿ ಇಲ್ಲದ್ದರಿಂದ ಥಾಯ್ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಅದು ಕಣ್ಣಿನ ಮಾತು, ಅಳತೆಯ ಮಾತಲ್ಲ. ಬಿಳಿ ಮಣ್ಣು ಅಂದ ಕೂಡಲೇ ಚೀನಾ ಅನ್ನುವುದೂ ತಪ್ಪು. ಏಳಿಮಲದ ಪಕ್ಕದಲ್ಲೇ, ಪಳಯಂಗಾಡಿಯ ಮಾಡಾಯಿಯಲ್ಲಿ ನೆಲದಡಿ ಚೀನಾ ಜೇಡಿ ಇದೆ. ಚೀನಾ ಹಡಗು ನಿಂತ ಬಂದರಿನ ಬಗಲಲ್ಲೇ ಪಿಂಗಾಣಿಯ ಮಣ್ಣು. ಮಣ್ಣು ಇತ್ತು, ಅಷ್ಟು ಬಿಸಿಯ ಆವಿಗೆಯ ವಿದ್ಯೆ ಇಲ್ಲಿ ಇರಲಿಲ್ಲ.

ಚಟ್ಟಿಯ ಚೂರು

ಕಪ್ಪು ಬೋಕಿಗಳನ್ನು ಯಾರೂ ಕೇಳಲಿಲ್ಲ. ನನಗೆ ಮಾತ್ರ ಅವುಗಳ ಮೇಲೆ ಆಸೆ. ಮೂರನ್ನು ಕತ್ತರಿಸಿ, ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿಸಿದೆವು. ಅಷ್ಟು ತೆಳುವಾದರೆ ಕಲ್ಲಿನ ಕಣದ ಒಳಗೆ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಖನಿಜಕ್ಕೂ ಅದರದೇ ಬಣ್ಣ ಬರುತ್ತದೆ. ಮೂರರಲ್ಲೂ ಬೆಣಚಿನ ಕಣಗಳ ಮೂಲೆ ಚೂಪಾಗಿತ್ತು, ಫೆಲ್ಡ್‌ಸ್ಪಾರ್ ಇನ್ನೂ ಹಸಿಯಾಗಿತ್ತು. ಹೊಳೆಯಲ್ಲಿ ದೂರ ಉರುಳಿ ಬಂದ ಮರಳಿನ ಕಣ ಗುಂಡಗಿರುತ್ತದೆ. ಕಡಲ ಬದಿಯ ಮಣ್ಣಾದರೆ ಚಿಪ್ಪಿನ ಚೂರು ಸಿಗುವ ಸಾಧ್ಯತೆ ಇದೆ. ಇಲ್ಲಿ ಅದಾವುದೂ ಇಲ್ಲ. ಕೊಡಗಿನ ನೈಸ್ ಬಂಡೆ ಪುಡಿಯಾದ ಹತ್ತಿರದ ಮಣ್ಣೇ ಇದು. ಚಟ್ಟಿ ಮನೆಯ ಸುತ್ತಮುತ್ತಲಿನದು. ಎತ್ತಿನ ಮೇಲೆ ಬಂದದ್ದು ಉಪ್ಪು ಮತ್ತು ಮೀನು. ಅವು ಚೀಲದಲ್ಲಿ, ಬುಟ್ಟಿಯಲ್ಲಿ ಬಂದವು. ಚೀಲ ಕೊಳೆಯುತ್ತದೆ, ಉಪ್ಪು ಕರಗುತ್ತದೆ, ಮೀನು ಹೊಟ್ಟೆಗೆ ಹೋಗುತ್ತದೆ. ಘಾಟಿಯ ನಿಜವಾದ ವ್ಯಾಪಾರ ತಿಪ್ಪೆಯಲ್ಲಿ ಕಾಣದೇ ಹೋಗುವುದು ಹೀಗೆ.

ಹೇಗೆ ಬಂತು?

ಹಸಿರು ಬಟ್ಟಲು ಈ ಮನೆಗೆ ಬರಲು ಕನಿಷ್ಠ ಮೂರು ದಾರಿ ಇದೆ. ಒಂದು, ಪಟ್ಟೆದಾರರು ಹೇಳಿದ್ದೇ. ಹಡಗಿನ ಕಾಲದಲ್ಲೇ ಬಂದರಿನಿಂದ ಮೇಲೆ ಬಂತು. ಮಲಬಾರಿನಲ್ಲಿ ಚೀನಾ ಚೂರಿಗೆ ಬರವಿಲ್ಲ. 2014ರಲ್ಲಿ ಕೊಲ್ಲಂ ಬಂದರಿನ ಹೂಳೆತ್ತುವಾಗ ಚೀನಾದ ನಾಣ್ಯ, ಪಿಂಗಾಣಿ ಚೂರು ಬೇಕಾದಷ್ಟು ಬಂದವು. ಎರಡು, ಕರಾವಳಿಯ ಯಾವುದೋ ಮನೆಯಲ್ಲಿ ಶತಮಾನಗಟ್ಟಲೆ ಇದ್ದು, ಮದುವೆಗೋ ಸಾಲಕ್ಕೋ ಕಾಣಿಕೆಗೋ ಆಮೇಲೆ ಬಂತು. ಮೂರು, ಯುದ್ಧ ಮತ್ತು ದೊರೆಗಳ ಕಾಲ. 1791ರಲ್ಲಿ ಟಿಪ್ಪುವಿನ ಮೇಲೆ ಹೊರಟ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಮಲಬಾರಿನಿಂದ ಕೊಡಗಿನ ಘಾಟಿ ಹತ್ತಿಯೇ ಬಂದದ್ದು. ಸೈನ್ಯದ ಹಿಂದೆ ಏನೇನು ಸಾಮಾನು ಬರುತ್ತದೋ ಯಾರಿಗೆ ಗೊತ್ತು.

ಮಣ್ಣಿನ ರಾಸಾಯನಿಕ ಈ ಮೂರಕ್ಕೂ ಒಂದೇ. ದಾರಿಯ ನೆನಪು ಜೇಡಿಯಲ್ಲಿ ಇರುವುದಿಲ್ಲ. ಅದಕ್ಕೆ ಕಾಗದ ಬೇಕು. ಮಂಗಳೂರಿನಲ್ಲಿ 1132ರಿಂದ 1149ರ ತನಕ ಇದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಪತ್ರಗಳು ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡವು. ಯಾರು ಏನು ಕಳಿಸಿದರು, ಯಾವ ಹಡಗು ಬಂತು, ಕಂಚಿನ ಕೆಲಸಕ್ಕೆ ಯಾರ ಸಾಮಾನು, ಎಲ್ಲ ಅದರಲ್ಲಿದೆ. ಕೆಲಸಕ್ಕಿದ್ದ ಬೊಮ್ಮನ ಹೆಸರು ಕೂಡ. ನಮ್ಮ ಬಟ್ಟಲಿಗೆ ಬೊಮ್ಮ ಸಿಕ್ಕಿಲ್ಲ.

ನನ್ನ ಒಲವು ಕೇಳಿದರೆ ಎರಡನೆಯ ದಾರಿ. ಒಂದೇ ಬಟ್ಟಲು, ಒಂಟಿ ಚೂರು, ಜೊತೆಗೆ ಬೇರೆ ಯಾವ ಹಳೆಯ ಚೀನಾ ಪಾತ್ರೆಯೂ ಇಲ್ಲ. ವ್ಯಾಪಾರದಲ್ಲಿ ಬಂದಿದ್ದರೆ ಇನ್ನಷ್ಟು ಇರಬೇಕಿತ್ತು. ಒಂದೇ ಇದೆ ಅಂದರೆ ಯಾರೋ ಯಾರಿಗೋ ಕೊಟ್ಟದ್ದು. ಪಟ್ಟೆದಾರರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಯೋಚಿಸಿ, “ಅರ್ಧ ಗುಂಡಿ ಇನ್ನೂ ಅಗೆದಿಲ್ಲ ಅಲ್ವಾ ಮೇಷ್ಟ್ರೇ” ಅಂದರು. ಸರಿಯಾದ ಮಾತು. ಒಂಟಿ ಚೂರು ಅನ್ನುವುದು ಅರ್ಧ ಗುಂಡಿಯ ಲೆಕ್ಕ.

ಇಂಗುಗುಂಡಿಯನ್ನು ಹತ್ತು ಗಜ ಆಚೆ ತೆಗೆದರು. ಹಳೆಯದರ ಬಾಯಿಗೆ ಮಣ್ಣು ತುಂಬಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟಿದ್ದೇವೆ. ಹಸಿರು ಚೂರು ಒಂದು ಡಬ್ಬಿಯಲ್ಲಿದೆ. ಹುಡುಗನೇ ಚೀಟಿ ಬರೆದ, ನಾನು ಹೇಳಿದ ಹಾಗೆ: “ಬಟ್ಟಲಿನ ತಳ. ಕಬ್ಬಿಣದ ಹಸಿರು ಲೇಪ, ಸೀಸ ಇಲ್ಲ, ಸತು ಇಲ್ಲ, ಕ್ರೋಮಿಯಂ ಇಲ್ಲ. ಮೈ ದಕ್ಷಿಣ ಚೀನಾ ಜಾತಿಯದು, ಆವಿಗೆ ಗೊತ್ತಿಲ್ಲ. ಹಿತ್ತಲ ತಿಪ್ಪೆ, ಬೂದಿ ಪದರ, ಮಂಗಳೂರು ಹೆಂಚಿನ ಜೊತೆ. ಚೀಲದಿಂದ ತೆಗೆದದ್ದು, ಜಾಗ ಖಚಿತ ಇಲ್ಲ.”